ಹೊರೇಷಿಯೊ ಪಾತ್ರಕ್ಕೆ ಕತ್ತರಿ ಹಾಕಬಹುದೇ?

ಪ್ರಶ್ನೆ: ನಮ್ಮ ಕಾಲೇಜು ತಂಡ ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕವನ್ನು ಒಂದೂವರೆ ಗಂಟೆಗೆ ಇಳಿಸುತ್ತಿದೆ. ರಾಜಕುಮಾರ ಹ್ಯಾಮ್ಲೆಟ್‌ನ ಗೆಳೆಯ ಹೊರೇಷಿಯೊ ಕತ್ತಿ ಹಿಡಿಯುವುದಿಲ್ಲ, ಸಂಚು ಹೂಡುವುದಿಲ್ಲ, ‘ಹೌದು ಪ್ರಭು’ ಎನ್ನುವುದೇ ಹೆಚ್ಚು. ಅವನನ್ನು ಕೈಬಿಟ್ಟರೆ ನಷ್ಟವೇನು?

ಉತ್ತರ: ಕಥೆಗೆ ಅಷ್ಟೇನಿಲ್ಲ. ಆದರೆ ಪ್ರೇಕ್ಷಕರು ಕಥೆಯನ್ನು ನಂಬುವುದು ಕಷ್ಟವಾಗುತ್ತದೆ.

ಮೊದಲ ದೃಶ್ಯ ನೋಡಿ. ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯ ಕಾವಲುಗಾರರು ಹ್ಯಾಮ್ಲೆಟ್‌ನ ಸತ್ತ ತಂದೆಯ ಪ್ರೇತ ಕಂಡೆವು ಎಂದರೆ, ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಓದಿದ ಹೊರೇಷಿಯೊ ಅದೆಲ್ಲ ಭ್ರಮೆ ಎನ್ನುತ್ತಾನೆ. ಅಂಥವನೇ ಕಣ್ಣಾರೆ ಕಂಡು ನಡುಗಿದ ಮೇಲೆ ನಮಗೆ ಅನುಮಾನ ಉಳಿಯುವುದಿಲ್ಲ. ಮುಂದೆ ತಾಯಿಯ ಕೋಣೆಯಲ್ಲಿ ಪ್ರೇತ ಹ್ಯಾಮ್ಲೆಟ್‌ಗೆ ಮಾತ್ರ ಕಾಣುತ್ತದೆ. ರಾಣಿ ಮಗನಿಗೆ ಹುಚ್ಚೆಂದುಕೊಳ್ಳುತ್ತಾಳೆ. ನಾವು ಹಾಗೆ ಅಂದುಕೊಳ್ಳದಿರುವುದು ಹೊರೇಷಿಯೊನ ಸಾಕ್ಷಿಯ ಬಲದಿಂದ.

ಇನ್ನು ‘ಹೌದು ಪ್ರಭು’. ರೋಸೆನ್‌ಕ್ರಾಂಟ್ಜ್, ಗಿಲ್ಡೆನ್‌ಸ್ಟರ್ನ್ ಕೂಡ ಬಾಲ್ಯದ ಗೆಳೆಯರೇ, ಆದರೆ ಹ್ಯಾಮ್ಲೆಟ್‌ನ ಚಿಕ್ಕಪ್ಪನಾದ ಹೊಸ ರಾಜ ಕರೆದೊಡನೆ ಬೇಹುಗಾರರಾದವರು. ಅವರನ್ನು ಸಾವಿಗೆ ಕಳಿಸಿದ್ದನ್ನು ಹ್ಯಾಮ್ಲೆಟ್ ಹೇಳಿದಾಗ ಹೊರೇಷಿಯೊ ಶಹಬ್ಬಾಸ್ ಎನ್ನುವುದಿಲ್ಲ. ಹಾಗಾದರೆ ಅವರಿಬ್ಬರೂ ಹೋದರು ಎಂದಷ್ಟೇ ಅನ್ನುತ್ತಾನೆ. ನನ್ನ ಕಿವಿಗೆ ಅದು ಆಕ್ಷೇಪಣೆ. ಅಲ್ಲದಿದ್ದರೆ ಅವರ ಸಾವು ತನ್ನ ಮನಸ್ಸನ್ನು ಚುಚ್ಚುವುದಿಲ್ಲ ಎಂದು ಹ್ಯಾಮ್ಲೆಟ್ ಮರುಕ್ಷಣವೇ ಸಮಜಾಯಿಷಿ ಕೊಡುವುದೇಕೆ? ದ್ವಂದ್ವಯುದ್ಧಕ್ಕೆ ಮುಂಚೆ, ಮನಸ್ಸು ಒಪ್ಪದಿದ್ದರೆ ಬೇಡ, ನಾನು ಹೋಗಿ ತಡೆಯುತ್ತೇನೆ ಎನ್ನುವವನೂ ಇವನೊಬ್ಬನೇ.

ಕತ್ತರಿ ಹಾಕಲೇಬೇಕಾದರೆ ನಾವಿಕರು ಹ್ಯಾಮ್ಲೆಟ್‌ನ ಪತ್ರ ತರುವ ದೃಶ್ಯಕ್ಕೆ ಹಾಕಿ. 1603ರ ಮೊದಲ ಮುದ್ರಣ ಈ ನಾಟಕದ ಅತಿ ಚಿಕ್ಕ ಪಾಠ. ಅದರಲ್ಲಿ ಆ ದೃಶ್ಯವಿಲ್ಲ, ಬದಲಿಗೆ ಹೊರೇಷಿಯೊನೇ ರಾಣಿಗೆ ಹ್ಯಾಮ್ಲೆಟ್ ಮರಳಿದ ಸುದ್ದಿ ಮುಟ್ಟಿಸುತ್ತಾನೆ. ಅಷ್ಟು ಚಿಕ್ಕ ಪಾಠದಲ್ಲೂ ಅವನು ಉಳಿದಿದ್ದಾನೆ! ಅವನು ಡೆನ್ಮಾರ್ಕಿನವನೋ ಹೊರಗಿನವನೋ ಎಂಬ ತಕರಾರಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ದೇಶದ ರಾಜಕೀಯವನ್ನೆಲ್ಲ ವಿವರಿಸುವವನು ಇನ್ನೊಂದು ಕಡೆ ಇಲ್ಲಿನ ಕುಡಿತದ ಪದ್ಧತಿಯನ್ನು ಕೇಳುತ್ತಾನೆ. ಶೇಕ್ಸ್‌ಪಿಯರ್‌ಗೇ ಅದರ ಚಿಂತೆ ಇದ್ದಂತಿಲ್ಲ.

ಕೊನೆಯ ವಿಷದ ಬಟ್ಟಲನ್ನು ಮಾತ್ರ ಮುಟ್ಟಬೇಡಿ. ಗೆಳೆಯನ ಜೊತೆಗೇ ಸಾಯಹೊರಟವನ ಕೈಯಿಂದ ಹ್ಯಾಮ್ಲೆಟ್ ಅದನ್ನು ಕಿತ್ತುಕೊಂಡು, ನೀನು ಉಳಿದು ನನ್ನ ಕಥೆ ಹೇಳು ಎನ್ನುತ್ತಾನೆ. ನಾರ್ವೆಯ ರಾಜಕುಮಾರ ಫಾರ್ಟಿನ್‌ಬ್ರಾಸ್‌ನ ಮುಂದೆ ಹೊರೇಷಿಯೊ ಒಪ್ಪಿಸುವ ಪಟ್ಟಿಯಲ್ಲಿ ಇರುವುದು ಕೊಲೆ, ಮೋಸ, ಹೂಡಿದವರ ತಲೆಗೇ ಬಿದ್ದ ಸಂಚುಗಳು. ಹ್ಯಾಮ್ಲೆಟ್‌ನ ಒಂದು ಸ್ವಗತವನ್ನೂ ಅವನು ಕೇಳಿಲ್ಲ. ನಾವು ಕೇಳಿದ್ದೇವೆ.