ಬೈಸಿಕೊಂಡವರು ಬೇರೆಯವರು, ಕೆಲಸ ಕೆಡುವುದು ಮಾತ್ರ ನನ್ನದು. ಹೀಗೇಕೆ?

ಮೀಟಿಂಗ್‌ನಲ್ಲಿ ಮ್ಯಾನೇಜರ್ ಸಹೋದ್ಯೋಗಿಯೊಬ್ಬರನ್ನು ಎಲ್ಲರೆದುರು ಹೀಯಾಳಿಸಿದರು. ನಿಮಗೆ ಒಂದು ಮಾತೂ ತಾಗಲಿಲ್ಲ, ಆದರೂ ಆಮೇಲೆ ಅರ್ಧ ದಿನ ಕೆಲಸಕ್ಕೆ ತಲೆ ಓಡಲಿಲ್ಲ. ‘ನಾನು ಅತಿ ಸೂಕ್ಷ್ಮವೇ?’ ಅಂತ ಕೇಳಿದ್ದೀರಿ.

ಅತಿಯೇನೂ ಅಲ್ಲ. ಸಂಶೋಧಕರಾದ ಕ್ರಿಸ್ಟೀನ್ ಪೋರಾತ್ ಮತ್ತು ಅಮೀರ್ ಎರೆಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳು ನೀವು ಹೇಳುತ್ತಿರುವುದರ ಬಗ್ಗೆಯೇ ಇವೆ. ಒರಟು ಮಾತನ್ನು ಸುಮ್ಮನೆ ನೋಡಿದವರು ಕಲಸಿದ ಅಕ್ಷರಗಳಿಂದ ಪದ ಕಟ್ಟುವುದರಲ್ಲಿ ಹಿಂದೆ ಬಿದ್ದರು. ‘ಇಟ್ಟಿಗೆಯಿಂದ ಏನೇನು ಮಾಡಬಹುದು?’ ಎಂಬಂಥ ಪ್ರಶ್ನೆಗೆ ಅವರಿಗೆ ಹೊಸ ಉಪಾಯಗಳೂ ಕಡಿಮೆ ಹೊಳೆದವು. ಬೈಸಿಕೊಂಡವನು ತಮ್ಮ ಎದುರಾಳಿಯೇ ಆಗಿದ್ದಾಗ ಪೆಟ್ಟು ಸ್ವಲ್ಪ ಹಗುರವಾಯಿತು, ಅಷ್ಟೇ.

ಒಳಗೆ ನಡೆಯುವುದು ಇದು. ಓದಿದ ಸಂಖ್ಯೆ, ಅರ್ಧಕ್ಕೆ ನಿಂತ ವಾಕ್ಯ, ಮುಂದಿನ ಹೆಜ್ಜೆ ಎಲ್ಲವನ್ನೂ ಮನಸ್ಸು ಹಿಡಿದಿಟ್ಟುಕೊಳ್ಳುವ ಜಾಗ ಬಹಳ ಚಿಕ್ಕದು. ಕಣ್ಣೆದುರು ಅವಮಾನ ನಡೆದಾಗ ‘ಯಾಕೆ ಹಾಗಂದರು? ನಾನು ಬಾಯಿ ಬಿಡಬೇಕಿತ್ತೇ? ಮುಂದಿನ ಸರದಿ ನನ್ನದೇ?’ ಎಂಬ ಲೆಕ್ಕಾಚಾರ ಬಂದು ಅಲ್ಲೇ ಕೂರುತ್ತದೆ. ಹಾಗಾಗಿ 4817 ಎಂದು ಓದಿ 4871 ಎಂದು ಬರೆಯುತ್ತೀರಿ. ಒಂದೇ ಸಾಲನ್ನು ಮೂರು ಸಲ ಓದುತ್ತೀರಿ.

ಪರಾನುಭೂತಿಯ, ಅಂದರೆ ಇನ್ನೊಬ್ಬರ ಭಾವನೆ ನಮಗೂ ತಟ್ಟುವ ಗುಣದ, ವಿಷಯಕ್ಕೆ ಬರೋಣ. ಇದು ಹೆಚ್ಚಿದ್ದವರೆಲ್ಲ ಹೆಚ್ಚು ಕುಸಿಯುತ್ತಾರೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯಾವ ಬಗೆಯ ಪರಾನುಭೂತಿ ಎಂಬುದು ಮುಖ್ಯ. ಮನೋವಿಜ್ಞಾನಿ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1997ರಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಿದರು. ‘ಆ ವ್ಯಕ್ತಿಗೆ ಹೇಗನ್ನಿಸುತ್ತಿದೆ?’ ಎಂದು ಕಲ್ಪಿಸಿಕೊಂಡವರಲ್ಲಿ ಕಾಳಜಿ ಮೂಡಿತು. ‘ಆ ಜಾಗದಲ್ಲಿ ನಾನಿದ್ದರೆ ಹೇಗನ್ನಿಸುತ್ತಿತ್ತು?’ ಎಂದು ಕಲ್ಪಿಸಿಕೊಂಡವರಲ್ಲಿ ಕಾಳಜಿಯ ಜೊತೆಗೆ ಸ್ವಂತದ ಸಂಕಟವೂ ಮೂಡಿತು. ಕೆಲಸ ಕೆಡಿಸುವುದು ಹೆಚ್ಚಾಗಿ ಈ ಸಂಕಟವೇ ಎಂಬುದು ನನ್ನ ಅಂದಾಜು. ನೀವು ‘ಅವರ ಬದಲು ನನಗೇ ಮುಖ ಸುಟ್ಟಂತಾಯಿತು’ ಎಂದು ಬರೆದಿದ್ದೀರಲ್ಲ, ಅದು ಎರಡನೆಯ ಬಗೆ.

ಹಾಗಿದ್ದರೆ ಏನು ಮಾಡುವುದು? ಸೀಟಿಗೆ ಬಂದ ಕೂಡಲೇ ಎಲ್ಲಿಗೆ ನಿಲ್ಲಿಸಿದ್ದಿರಿ, ಮುಂದೇನು ಎಂದು ಚೀಟಿಯಲ್ಲಿ ಒಂದು ಸಾಲು ಬರೆದಿಡಿ. ತಲೆಯಲ್ಲಿ ನಿಲ್ಲದ್ದು ಕಾಗದದಲ್ಲಾದರೂ ನಿಲ್ಲುತ್ತದೆ. ಆಮೇಲೆ ಪ್ರಶ್ನೆ ಬದಲಿಸಿ: ‘ನನಗೆ ಹೀಗಾಗಿದ್ದರೆ?’ ಬಿಟ್ಟು ‘ಅವರಿಗೆ ಈಗ ಏನು ಬೇಕು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕರೆ ಎರಡು ಸಾಲಿನ ಮೆಸೇಜ್ ಕಳಿಸಿ. ‘ಬೇಜಾರು ಮಾಡ್ಕೋಬೇಡಿ’ ಎನ್ನುವುದಕ್ಕಿಂತ ‘ನೀವು ಕೊಟ್ಟ ಲೆಕ್ಕ ಸರಿಯಾಗೇ ಇತ್ತು. ಎರಡನೇ ಭಾಗ ನಾನು ನೋಡ್ಲಾ?’ ಎನ್ನುವುದು ಕೆಲಸಕ್ಕೆ ಬರುತ್ತದೆ. ಮಾಡುವುದಕ್ಕೆ ಒಂದು ಕೆಲಸ ಸಿಕ್ಕಿತೆಂದರೆ ಸಂಕಟ ಸುತ್ತುವುದನ್ನು ಬಿಡುತ್ತದೆ. ಉಸಿರು ಎಣಿಸುವುದು ಕೆಟ್ಟದ್ದೇನಲ್ಲ, ಆದರೆ ಎಣಿಸಿ ಮುಗಿದ ಮೇಲೂ ಅದೇ ಪ್ರಶ್ನೆ ತಲೆಯಲ್ಲಿದ್ದರೆ ಲಾಭವಿಲ್ಲ.

ಆ ಹೊತ್ತಿನಲ್ಲಿ ‘ಸುಲಭದ ಕೆಲಸ ಮಾಡೋಣ’ ಅನ್ನಿಸುತ್ತದೆ. ಮಾಡಿ, ಆದರೆ ಮಾಮೂಲಿ ಕೆಲಸವೂ ಕೆಡುತ್ತದೆ ಎಂಬುದು ನೆನಪಿರಲಿ. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಬಾಯಿಬಿಟ್ಟು ಓದಿ. ದೋಷ ಹುಡುಕುವ ಕೆಲಸವಾದರೆ ಮೊದಲು ಹೊಳೆದ ಕಾರಣದ ಪಕ್ಕದಲ್ಲಿ ಇನ್ನೊಂದನ್ನು ಕಡ್ಡಾಯವಾಗಿ ಬರೆಯಿರಿ. ಒರಟುತನ ಕಂಡವರು ಮೊದಲ ಊಹೆಗೇ ಜೋತುಬೀಳುತ್ತಾರೆ ಎಂದು ಎರೆಜ್ ಅವರಿದ್ದ ತಂಡವೇ ಮುಂದೆ ತೋರಿಸಿತು. ಮೇಲ್‌ಗಳಿಗೆ ಉತ್ತರ ಬರೆದರೂ ಒಂದು ಗಂಟೆ ಡ್ರಾಫ್ಟ್‌ನಲ್ಲೇ ಇರಲಿ. ಒರಟು ಮಾತಿಗೆ ಸಿಕ್ಕ ಮನಸ್ಸು ಒರಟು ಪದಗಳನ್ನು ಬೇಗ ಹೆಕ್ಕುತ್ತದೆ ಎಂದು 2016ರ ಇನ್ನೊಂದು ಅಧ್ಯಯನ ಹೇಳುತ್ತದೆ. ಆಗ ಸಾದಾ ‘ಯಾವಾಗ ಮುಗಿಯುತ್ತೆ?’ ಕೂಡ ಚುಚ್ಚುಮಾತಿನಂತೆ ಕೇಳಿಸೀತು.

ಯಾರ ಗಮನಕ್ಕೂ ಬಾರದೆ ಕೆಡುವುದು ಇನ್ನೊಂದಿದೆ, ನೆರವು ಕೇಳುವ ಅಭ್ಯಾಸ. 2015ರಲ್ಲಿ ಇಸ್ರೇಲ್‌ನಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ ಅಣಕು ರೋಗಿಯನ್ನು ಕೊಟ್ಟು ನೋಡಿದರು. ಕೆಲವು ತಂಡಗಳಿಗೆ ಹೊರಗಿನ ತಜ್ಞನೊಬ್ಬ ಅವರ ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದೆರಡು ಕಟುಮಾತು ಆಡಿದ. ಆ ತಂಡಗಳ ರೋಗನಿರ್ಣಯವೂ ಚಿಕಿತ್ಸೆಯೂ ಸೊರಗಿದವು. ಕಾರಣ ಹುಡುಕಿದರೆ ಮಾಹಿತಿ ಹಂಚಿಕೊಳ್ಳುವುದು, ನೆರವು ಕೇಳುವುದು ಎರಡೂ ಕುಗ್ಗಿದ್ದವು. (ಇಲ್ಲಿ ಮಾತು ಬಿದ್ದದ್ದು ನೇರ ಅವರ ಮೇಲೆ, ನಿಮ್ಮ ಸಂದರ್ಭ ಅಷ್ಟರಮಟ್ಟಿಗೆ ಬೇರೆ.) ಆದ್ದರಿಂದ ಅಂಥ ಮೀಟಿಂಗ್ ಆದ ದಿನ, ಸಂಶಯ ಇರಲಿ ಬಿಡಲಿ, ಮುಖ್ಯ ಕೆಲಸವೊಂದನ್ನು ಇನ್ನೊಬ್ಬರಿಗೆ ತೋರಿಸಿಯೇ ಕಳಿಸಿ.

ವಾರಕ್ಕೆರಡು ಸಲ ಹೀಗೇ ಆಗುತ್ತಿದ್ದರೆ ಇದೆಲ್ಲ ಬರೀ ಬ್ಯಾಂಡೇಜು. ಆಗ ಮೇಲಿನವರ ಹತ್ತಿರ ಮಾತಾಡಬೇಕು, ಅದೂ ‘ಮನಸ್ಸಿಗೆ ನೋವಾಯ್ತು’ ಎಂದಲ್ಲ. ಯಾವ ದಿನದ ಮೀಟಿಂಗ್, ಆಮೇಲೆ ಎಷ್ಟು ಜನ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದರು, ಯಾವ ತಪ್ಪು ತಡವಾಗಿ ಗೊತ್ತಾಯಿತು ಎಂದು ಬರೆದುಕೊಂಡೇ ಹೋಗಿ.