ಫಾಸ್ಟರ್ ಕೇರ್‌ನಲ್ಲಿದ್ದ ಮಗು ಕಾಣೆಯಾದರೆ ಕೇಳುವವರು ಯಾರು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಮಕ್ಕಳ ಕಲ್ಯಾಣ ಸಮಿತಿಯವರು 13 ವರ್ಷದ ಹುಡುಗಿಯನ್ನು ಫಾಸ್ಟರ್ ಕೇರ್‌ಗೆ, ಅಂದರೆ ದತ್ತು ಕೊಡದೆ ಬೇರೆ ಮನೆಯಲ್ಲಿಟ್ಟು ಸಾಕೋದಕ್ಕೆ, ಅಂತ ನಮ್ಮ ಮನೆಗೆ ಕಳಿಸಿದ್ದರು. ಸ್ಕೂಲಿಗೆ ಹೋದವಳು ವಾಪಸ್ ಬಂದಿಲ್ಲ, ಇವತ್ತಿಗೆ ನಾಲ್ಕು ದಿನ. ಸ್ಟೇಷನ್‌ನಲ್ಲಿ ‘ತಾನಾಗೇ ಬರ್ತಾಳೆ, ಕಾಯಿರಿ’ ಅಂದರು. ಕೋರ್ಟು ಇದನ್ನೆಲ್ಲ ನೋಡೋದಿಲ್ವಾ? ತಪ್ಪು ನಮ್ಮ ಮೇಲೇ ಬರುತ್ತಾ?

ಉತ್ತರ: ಕಾಯಬೇಡಿ ಅಮ್ಮ. ಇವತ್ತೇ ಇನ್ನೊಬ್ಬರನ್ನು ಜೊತೆಗೆ ಕರೆದುಕೊಂಡು ಮತ್ತೆ ಸ್ಟೇಷನ್‌ಗೆ ಹೋಗಿ. ಮಗು ಕಾಣೆಯಾಗಿದೆ ಅಂತ ದೂರು ಕೊಟ್ಟರೆ ಎಫ್‌ಐಆರ್ ಹಾಕಲೇಬೇಕು, ಅಪಹರಣವೋ ಸಾಗಾಟವೋ ಆಗಿರಬಹುದು ಅಂತಲೇ ತನಿಖೆ ಶುರು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ‘ತಾನಾಗೇ ಹೋಗಿದ್ದಾಳೆ’ ಅನ್ನೋದು ಸುಮ್ಮನಿರೋದಕ್ಕೆ ಕಾರಣವೇ ಅಲ್ಲ. ಆಗಲೂ ಎಫ್‌ಐಆರ್ ಹಾಕದಿದ್ದರೆ ದೂರನ್ನು ಎಸ್‌ಪಿಯವರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ, ಅಲ್ಲೂ ಕೆಲಸ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ.

ಇನ್ನು ಕೋರ್ಟಿನ ಮಾತು. ಬಾಲನ್ಯಾಯ ಕಾಯ್ದೆ ಪ್ರಕಾರ ಆ ಮಕ್ಕಳ ಕಲ್ಯಾಣ ಸಮಿತಿಗೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ಮಗುವನ್ನು ನಿಮ್ಮ ಮನೆಗೆ ಕಳಿಸಿದ್ದೂ ಅವರ ಆದೇಶ, ಪ್ರತಿ ತಿಂಗಳು ಬಂದು ಮಗು ಹೇಗಿದೆ ಅಂತ ನೋಡಬೇಕಾದವರೂ ಅವರೇ. ಹಾಗಾಗಿ ಮೊದಲು ಕೇಳಬೇಕಾದವರೂ ಅವರೇ ಅಲ್ವಾ? ಫೋನಿನಲ್ಲಿ ಹೇಳಿದರೆ ಸಾಲದು. ಯಾವತ್ತು, ಎಷ್ಟು ಹೊತ್ತಿಗೆ ಹೊರಟಳು, ನೀವು ಯಾವಾಗ ಸ್ಟೇಷನ್‌ಗೆ ಹೋದಿರಿ, ಎಲ್ಲ ಬರೆದುಕೊಟ್ಟು ನಿಮ್ಮ ಕಾಪಿಗೆ ಸೀಲ್ ಹಾಕಿಸಿಕೊಳ್ಳಿ. ಸಮಿತಿಯವರು ನಿಮ್ಮನ್ನೂ ಪ್ರಶ್ನೆ ಮಾಡುತ್ತಾರೆ, ಮಾಡಲೇಬೇಕು. ಮನೆಯಲ್ಲಿ ಜಗಳ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ. ನೀವು ಸುಮ್ಮನೆ ಕೂತಿರಲಿಲ್ಲ ಅನ್ನೋದಕ್ಕೆ ಆ ಸೀಲಿನ ಕಾಪಿಯೇ ಸಾಕ್ಷಿ.

ಇಂಥದ್ದೇ ಒಂದು ಫೈಲ್ ನೋಡಿದ್ದು ನನಗೆ ಇನ್ನೂ ಮರೆತಿಲ್ಲ. ‘ಮಗು ಹಾಜರಿಲ್ಲ, ಮುಂದಿನ ದಿನಾಂಕ’ ಅಂತ ಒಂದರ ಕೆಳಗೊಂದು ಮೂರು ಸಲ, ಒಂದೇ ಕೈಬರಹದಲ್ಲಿ. ಪೊಲೀಸರಿಂದ ಒಂದು ವರದಿಯನ್ನೂ ಕೇಳಿರಲಿಲ್ಲ. ಹಾಗಾಗೋದಕ್ಕೆ ಬಿಡಬೇಡಿ. ಸಮಿತಿ ಕೊಡುವ ಪ್ರತಿ ವಿಚಾರಣೆ ದಿನಾಂಕಕ್ಕೂ ನೀವೇ ಹೋಗಿ, ತನಿಖಾಧಿಕಾರಿಯಿಂದ ಲಿಖಿತ ವರದಿ ತರಿಸಿ ಅಂತ ಕೇಳಿ.

ಸಮಿತಿ ಕದಲದಿದ್ದರೆ ಡಿಸಿಯವರಿಗೆ ದೂರು ಕೊಡಬಹುದು, ಸಮಿತಿ ಮೇಲಿನ ದೂರು ಕೇಳೋದು ಕಾನೂನಿನ ಪ್ರಕಾರ ಅವರ ಕೆಲಸವೇ. ಇನ್ನೂ ಮೇಲೆ ಹೈಕೋರ್ಟ್ ಇದೆ. ಸಮಿತಿಯ ಆದೇಶ ಸರಿಯಿದೆಯಾ ಅಂತ ನೋಡೋದಕ್ಕೆ ಅದು ಫೈಲನ್ನೇ ತರಿಸಿಕೊಳ್ಳಬಹುದು, ಯಾರೂ ಅರ್ಜಿ ಹಾಕದಿದ್ದರೂ. ಮಗುವನ್ನು ಯಾರೋ ಹಿಡಿದಿಟ್ಟುಕೊಂಡಿದ್ದಾರೆ ಅನ್ನೋ ಅನುಮಾನ ಇದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟ್ ಮುಂದೆ ಹಾಜರುಪಡಿಸಿ ಅಂತ ಕೇಳೋ ಅರ್ಜಿ, ಹೈಕೋರ್ಟಿನಲ್ಲಿ ಹಾಕಿಸಿ, ಮಂಡ್ಯದವರಿಗೆ ಅದು ಬೆಂಗಳೂರಿನ ಪೀಠದಲ್ಲಿ. ದುಡ್ಡಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಕೇಸು ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು, ಅವರು ಮೂರು ತಿಂಗಳಿಗೊಮ್ಮೆ ಇದೇ ಪ್ರಾಧಿಕಾರಕ್ಕೆ ವರದಿ ಕೊಡಬೇಕು.

ಒಂದು ಮಾತು, ಅವಳ ಫೋಟೊ, ಸ್ಕೂಲ್ ಹೆಸರು ಹಾಕಿ ನೀವಾಗೇ ವಾಟ್ಸಾಪ್‌ನಲ್ಲಿ ಹರಡಬೇಡಿ. ಇಂಥ ಮಕ್ಕಳ ಗುರುತು ಬಯಲು ಮಾಡೋದು ಅಪರಾಧ. ಫೋಟೊ ಪೊಲೀಸರಿಗೆ ಕೊಡಿ, ಅವರೇ ಪ್ರಕಟಿಸಲಿ.

ಅವಳು ಸಿಕ್ಕಮೇಲೆ 24 ಗಂಟೆಯೊಳಗೆ ಸಮಿತಿ ಮುಂದೆ ಕರೆದುಕೊಂಡು ಬರುತ್ತಾರೆ. ನೀವೂ ಹೋಗಿ, ಆದರೆ ಸಮಿತಿಯವರು ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಲಿ ಅಂತ ನೀವೇ ಕೇಳಿಕೊಳ್ಳಿ. ಯಾಕೆ ಹೋದೆ ಅನ್ನೋದನ್ನು ನಿಮ್ಮೆದುರು ಹೇಳೋದಕ್ಕೆ ಆಗದೇ ಇರಬಹುದು.