ಪುಸ್ತಕದಲ್ಲಿ ಗೊತ್ತು, ಬೋರ್ಡಿನಲ್ಲಿ ಗೊತ್ತಿಲ್ಲ

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಚಿತ್ರದ ಅಕ್ಷರಮಾಲೆ ತಂದು ಎರಡು ತಿಂಗಳಾಯಿತು. ‘ಅ ಅರಸ, ಆ ಆನೆ’ ಅಂತ ಕೊನೆಯ ಪುಟದವರೆಗೂ ಹೇಳುತ್ತಾನೆ. ಅಂಗಡಿ ಬೋರ್ಡಿನಲ್ಲಿ ಅದೇ ‘ಅ’ ತೋರಿಸಿದರೆ ಪಿಳಿಪಿಳಿ ಕಣ್ಣು ಬಿಡುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅವನು ಚಿತ್ರ ಓದುತ್ತಿದ್ದಾನಮ್ಮ, ಅಕ್ಷರವನ್ನಲ್ಲ. ಆನೆಯ ಮೇಲೆ ಅಂಗೈ ಮುಚ್ಚಿ ‘ಇದೇನು?’ ಎಂದು ಕೇಳಿ ನೋಡಿ. ಮೊದಲು ನಿಮ್ಮ ಕೈ ಸರಿಸಲು ನೋಡುತ್ತಾನೆ! ಇದರಲ್ಲಿ ಅವನ ತಪ್ಪಿಲ್ಲ. ಪುಟದ ತುಂಬ ಆನೆ, ಮೂಲೆಯಲ್ಲಿ ‘ಆ’ ಇದ್ದರೆ ಮಗುವಿನ ಕಣ್ಣು ಎಲ್ಲಿಗೆ ಹೋದೀತು? ನನ್ನ ತರಗತಿಯಲ್ಲಿ ಒಬ್ಬಳು ಎಷ್ಟು ಸಲ ತಿದ್ದಿದರೂ ‘ಉ ಹಲ್ಲಿ’ ಎನ್ನುತ್ತಿದ್ದಳು. ಪಾಪ, ಅವಳು ಉಡ ಕಂಡಿದ್ದರೆ ತಾನೆ?

ಪುಸ್ತಕ ಬಿಸಾಡಬೇಡಿ. ಅದು ಮಾತಿಗೆ, ಕಥೆಗೆ ಇರಲಿ. ಅಕ್ಷರಕ್ಕೆ ಹಳೇ ಆಹ್ವಾನಪತ್ರಿಕೆಯ ರಟ್ಟು ಕತ್ತರಿಸಿ, ಚಿತ್ರವಿಲ್ಲದೆ ದಪ್ಪಗೆ ಬರೆಯಿರಿ. 49 ಅಕ್ಷರ ಒಟ್ಟಿಗೆ ಬೇಡ, ಅ ಆ ಇ ಈ ಕ್ರಮವೂ ಬೇಡ. ಸರ್ಕಾರಿ ಶಾಲೆಯಲ್ಲಿ ಕಲಿತವರಿಗೆ ‘ರ ಗ ಸ ದ ಅ’ ಎಂಬ ಮೊದಲ ಪಾಠ ನೆನಪಿರುತ್ತದೆ. ಆ ಐದು ರಟ್ಟಿಗೆ ಇನ್ನೊಂದು ‘ಗ’ ಸೇರಿಸಿ ಜೋಡಿಸಿದರೆ ಸರ, ಅರಸ, ಅಗಸ, ಗರಗಸ ಎಲ್ಲವೂ ಬರುತ್ತವೆ. ಕಾಗುಣಿತ, ಒತ್ತಕ್ಷರದ ಗೊಡವೆಯೇ ಇಲ್ಲ. ‘ಗರಗಸ’ ತಾನೇ ಜೋಡಿಸಿದ ದಿನ ಮಗು ಮನೆಯವರಿಗೆಲ್ಲ ಓದಿ ತೋರಿಸದೆ ಬಿಡುವುದಿಲ್ಲ. ಇದರ ಜೊತೆಗೆ ಅವನ ಹೆಸರಿನ ಮೊದಲ ಅಕ್ಷರವೂ ಇರಲಿ. ಅದನ್ನಂತೂ ಅವನೇ ಬಸ್ಸಿನ ಬೋರ್ಡಿನಲ್ಲಿ, ಬಿಸ್ಕತ್ತಿನ ಪೊಟ್ಟಣದಲ್ಲಿ ಹುಡುಕುತ್ತಾನೆ.

ಇನ್ನೊಂದು ಪುಸ್ತಕ ಕೊಳ್ಳುವುದಾದರೆ ಅಂಗಡಿಯಲ್ಲೇ ‘ಕ’ ಪುಟ ತೆರೆದು ನೋಡಿ. ಕಮಲ ಇದ್ದರೆ ಸರಿ. ಕಾಗೆಯೋ ಕಿವಿಯೋ ಇದ್ದರೆ ಅಲ್ಲೇ ಇಟ್ಟು ಬನ್ನಿ. ನಮ್ಮ ‘ಕ’ದೊಳಗೇ ‘ಅ’ ಸ್ವರ ಇದೆ. ಕಿವಿ ತೋರಿಸಿ ‘ಕ’ ಎಂದರೆ ಮಗುವಿನ ಕಿವಿಗೆ ಬೀಳುವುದು ‘ಕಿ’. ಇಂಗ್ಲಿಷ್ ಪುಸ್ತಕದ ಅಚ್ಚಿನಲ್ಲಿ ಕನ್ನಡ ಸುರಿದವರು ಈ ತಪ್ಪು ಮಾಡುತ್ತಾರೆ. ಣ, ಳ ಪುಟಗಳಲ್ಲಿ ಬಾಣ, ಬಳೆ ಇರುವುದು ತಪ್ಪಲ್ಲ, ಆ ಅಕ್ಷರಗಳಿಂದ ಕನ್ನಡ ಪದ ಶುರುವಾಗುವುದೇ ಇಲ್ಲ. ‘ಬಾಣ ಅಂದ್ರೆ ಬಾ ಅಲ್ವಾ?’ ಎಂದು ಅವನು ತಕರಾರು ತೆಗೆದರೆ ಸಂತೋಷಪಡಿ, ಕಿವಿ ಚುರುಕಾಗಿದೆ ಎಂದರ್ಥ. ಙ, ಞ ಸದ್ಯಕ್ಕೆ ಮರೆತುಬಿಡಿ.

ಪ–ಷ, ದ–ಧ ಒಂದೇ ವಾರದಲ್ಲಿ ತೋರಿಸಬೇಡಿ. ಒಂದು ಗಟ್ಟಿಯಾದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ‘ಹೊಟ್ಟೆಯಲ್ಲಿ ಗೆರೆ ಯಾರಿಗಿದೆ, ಸೀಳು ಯಾರಿಗಿದೆ’ ಎಂದು ಅವನ ಕೈಯಲ್ಲೇ ಹುಡುಕಿಸಿ.

ಕಾಪಿ ಪುಸ್ತಕದಲ್ಲಿ ತಿದ್ದಿಸುವ ಆತುರ ಈಗಲೇ ಬೇಡ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಬೆರಳಲ್ಲಿ ಬರೆಯಲಿ. ಹಿಟ್ಟು ನೆಲಕ್ಕೆ ಚೆಲ್ಲುತ್ತದೆ, ಕೆಳಗೊಂದು ಹಳೇ ಪೇಪರ್ ಹಾಸಿರಿ.